ಕಾರಿನ ಮೂಗಿಗೆ ಕಹಳೆ

ಮನುಷ್ಯ ಮೂಗಿನಿಂದ ಉಸಿರಾಡುತ್ತಾನೆ, ಮೀನು ಕಿವಿರಿನಿಂದ. ಕಾರು ಎಲ್ಲಿಂದ ಉಸಿರಾಡಬೇಕು ಎಂಬ ಗಹನವಾದ ಪ್ರಶ್ನೆ ಮಾತ್ರ ಅರವತ್ತೈದನೇ ಇಸವಿಯ ಒಂದು ಭಾನುವಾರದವರೆಗೆ ಸಾಗರದ ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಅಂದು ಬೆಳಿಗ್ಗೆ ಅದು ಟೈಪಿಂಗ್ ಶಾಲೆಯ ಯಜ್ಞನಾರಾಯಣನ ಅಂಗಳಕ್ಕೆ ಬಂದು ಕೂತಿತು.

ಅಂಗಳದಲ್ಲಿ ಮೊದಲೇ ಕೂತಿದ್ದದ್ದು ಎರಡೇ ಸೀಟಿನ, ಓಟದ ಜಾತಿಯ ಒಂದು ಕೆಂಪು ಕಾರು. ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಬಿಳಿಯ ಎಂಜಿನಿಯರು ತನ್ನ ದೇಶಕ್ಕೆ ಹೊರಡುವಾಗ ಅಗ್ಗಕ್ಕೆ ಮಾರಿ ಹೋಗಿದ್ದ. ನಲವತ್ತು ದಾಟಿದರೂ ಮದುವೆಯಾಗದ ಯಜ್ಞನಾರಾಯಣ ಅದನ್ನು ಕೊಂಡದ್ದು ವೇಗದ ಆಸೆಗಲ್ಲ. ಕಾರಿದ್ದರೆ ಪಕ್ಕದಲ್ಲಿ ಯಾರಾದರೂ ಕೂರುತ್ತಾರೆ ಎಂದು. ಮೊದಮೊದಲು ಕೂತವರೂ ಇದ್ದರು. ಆದರೆ ಏರು ಕಂಡೊಡನೆ ಕಾರು ದಮ್ಮಿನ ರೋಗಿಯ ಹಾಗೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಕೂತವರು ಇಳಿದು ನೂಕಬೇಕಿತ್ತು. ಮಲೆನಾಡಿನಲ್ಲಿ ಏರಿಲ್ಲದ ದಾರಿಯನ್ನು ಎಲ್ಲಿಂದ ತರುವುದು? ಕೊನೆಗೆ ಎಡಗಡೆಯ ಸೀಟು ಅವನ ಕೊಡೆಯ ಪಾಲಾಯಿತು.

ಶನಿವಾರ ಸಂಜೆ ಎದುರುಮನೆಯ ದನದ ಡಾಕ್ಟರು ರಾಮಚಂದ್ರಪ್ಪನವರು ತಾವಾಗಿಯೇ ರಸ್ತೆ ದಾಟಿ ಬಂದರು. ಊರಿಗೆ ಹೊಸಬರು, ಒಂಟಿ ಮನುಷ್ಯ, ಮಾತು ಕಡಿಮೆ. ಬಾನೆಟ್ಟಿಗೆ ಸ್ಟೆತಾಸ್ಕೋಪು ಹಚ್ಚಿ, ಗಬ್ಬದ ಎಮ್ಮೆಯನ್ನು ನೋಡುವಷ್ಟೇ ಗಂಭೀರವಾಗಿ ಆಲಿಸಿದರು.

"ಎಂಜಿನ್ನು ತನ್ನ ಬಿಸಿಯನ್ನ ತಾನೇ ಕುಡೀತಾ ಇದೆ ಕಣ್ರೀ. ಮುಂದಿನಿಂದ ಒಂದು ಕೊಳವೆ ಕೊಡಿ, ಹೊರಗಿನ ತಣ್ಣನೆ ಗಾಳಿ ಎಳೀಲಿ."

"ಆಗ ಏರು ಹತ್ತುತ್ತೆ ಅಂತೀರಾ?"

"ಹತ್ತಿದ್ರೆ ನಾಳೆ ತೀರ್ಥಹಳ್ಳಿವರೆಗೆ ನಾನೂ ಬರ್ತೀನಿ. ಅಲ್ಲಿ ಸ್ವಲ್ಪ ಕೆಲಸ ಇದೆ."

ಡಾಕ್ಟರು ಆಚೆ ಹೋದದ್ದೇ ತಡ, ಯಜ್ಞನಾರಾಯಣ ಕೊಡೆಯನ್ನು ಸೀಟಿನಿಂದೆಬ್ಬಿಸಿ ಗೋಡೆಯ ಮೊಳೆಗೆ ನೇತುಹಾಕಿದ.

ಬೆಳಿಗ್ಗೆ ಕೊಳವೆಯ ಹುಡುಕಾಟ. ಬೀದಿ ಸುಮ್ಮನಿರುತ್ತದೆಯೇ? ಹೋಟೆಲು ಗಣಪಯ್ಯ ತನ್ನ ಬಾಯ್ಲರಿನ ಹಳೆಯ ಹೊಗೆಕೊಳವೆ ಹೊತ್ತು ತಂದ. "ಇಪ್ಪತ್ತು ವರ್ಷ ಕಾಫಿ ಕುಡಿಸಿದ ಕೊಳವೆ ಮಾರಾಯ್ರೆ, ಗಾಳಿ ಕುಡಿಸೋದೇನು ಮಹಾ." ಅದನ್ನು ಜೋಡಿಸಿ ಕಾರು ಚಾಲೂ ಮಾಡಿದರೆ ಎಂಜಿನ್ನು ಒಮ್ಮೆ ಸೀನಿತು. ಇಪ್ಪತ್ತು ವರ್ಷದ ಮಸಿ ಗಣಪಯ್ಯನ ಬಿಳಿ ಪಂಚೆಯ ಮೇಲೆ ಕೂತಿತು.

ಪಕ್ಕದ ಮನೆಯ ಭಾಗೀರಥಮ್ಮ ಒಲೆಯ ಮುಂದಿನ ಊದುಗೊಳವೆಯನ್ನೇ ಹಿಡಿದು ಬಂದರು. "ಇದ್ನ ಹಾಕಿ ನೋಡ ಯಜ್ಞ. ಎಂತಾ ಹಸಿ ಸೌದೆನೂ ಹತ್ತಿಸ್ತು."

"ಇದು ಸಾಲ್ತಿಲ್ಲೆ ಅತ್ತೆ, ತೂತು ಸಣ್ಣ."

"ಕಾರು ಸಣ್ಣಕೇ ಇದ್ದಲ," ಎಂದು ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು.

ಸೈಕಲ್ ಶಾಪಿನ ಭೂತಪ್ಪ ರಿಪೇರಿಗೆಂದು ಬಂದವನು ಇದಾವುದನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ಮನೆಯ ಕಿಟಕಿಯೊಳಗಿತ್ತು. "ಅಯ್ಯಾ, ಆ ಹಾಡಿನ ಪೆಟ್ಟಿಗೆ ಕಹಳೆ ನೋಡ್ರಾ. ಬಾಯಿ ಅಗಲ, ಬುಡ ಸಪೂರ. ಗಾಳಿಗೇ ಹೇಳಿ ಮಾಡಿಸಿದಂಗೈತಿ."

ಅದು ಅಪ್ಪನ ಕಾಲದ ಗ್ರಾಮಫೋನು. ಸಂಜೆ ಶಾಲೆ ಮುಚ್ಚಿದ ಮೇಲೆ ಯಜ್ಞನಾರಾಯಣನಿಗೆ ಮನೆಯಲ್ಲಿ ಕೇಳಿಸುತ್ತಿದ್ದ ಒಂದೇ ದನಿ. ಅವನು ಹಿಂದೆಮುಂದೆ ನೋಡಿದ.

"ಕೊಟ್ಟುಬಿಡಿ," ಎಂದ ಗಣಪಯ್ಯ ಪಂಚೆ ಕೊಡವುತ್ತ. "ಬೀದಿಗೂ ನೆಮ್ಮದಿ."

"ಎಂಗೊಕ್ಕಂತೂ ಬೆಕ್ಕು ಕೂಗಿದಾಂಗೆ ಕೇಳ್ತು," ಎಂದರು ಭಾಗೀರಥಮ್ಮ.

ಯಾರಿಗೂ ಬೇಡದ ಹಾಡಿಗಿಂತ ಪಕ್ಕದಲ್ಲಿ ಕೂರುವ ಒಂದು ಜೀವ ಮೇಲು. "ಗರಗಸ ಹಾಕು," ಎಂದ ಯಜ್ಞನಾರಾಯಣ.

ಮಧ್ಯಾಹ್ನದ ಹೊತ್ತಿಗೆ ಕಾರಿನ ಮೂತಿಯಿಂದ ಹಿತ್ತಾಳೆಯ ಹೂವೊಂದು ಅರಳಿ ನಿಂತಿತು. ಹೊಸನಗರದ ದಾರಿಯ ಏರಿಗೆ ಬಿಟ್ಟರೆ ಕಾರು ಹಗ್ಗ ಹರಿದ ಹೋರಿಯ ಹಾಗೆ ನುಗ್ಗಿತು. ನೂಕಲೆಂದು ಹಿಂದೆ ಓಡಿದ್ದ ಭೂತಪ್ಪ ನಡೆದು ವಾಪಸು ಬರಬೇಕಾಯಿತು.

ಡಾಕ್ಟರು ಮಡಿ ಅಂಗಿ ತೊಟ್ಟು ಬಂದರು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಗ್ರಾಮಫೋನ್ ಪ್ಲೇಟು.

"ಹೊರಡೋ ಮುಂಚೆ ಇದೊಂದು ಹಾಕ್ತೀರಾ? ವರ್ಷಗಟ್ಟಲೆ ಟ್ರಂಕಿನಲ್ಲಿಟ್ಕೊಂಡು ತಿರುಗ್ತಾ ಇದೀನಿ, ಯಂತ್ರ ಇಲ್ಲ. ದಿನಾ ಸಂಜೆ ದೀಪ ಆರಿಸಿ ಜಗಲಿ ಮೇಲೆ ಕೂತು ನಿಮ್ಮದನ್ನೇ ಕೇಳ್ತಿದ್ದೆ. ಬಂದು ಹೇಳೋಕೆ ಸಂಕೋಚ."

ಯಜ್ಞನಾರಾಯಣ ಕಾರಿನ ಮೂತಿಯ ಕಡೆ ನೋಡಿದ. ಡಾಕ್ಟರೂ ನೋಡಿದರು, ಇನ್ನು ಉಳಿಯದ ಹಸುವನ್ನು ನೋಡುವ ಹಾಗೆ.

"ಮತ್ತೆ ಬೆಸುಗೆ ಹಾಕಿಸ್ತೇನೆ..."

"ಆಗಾದಲ್ಲ ಅಯ್ಯಾ," ಎಂದ ಭೂತಪ್ಪ. "ಕೊಯ್ದ ಬುಡಾನ ತೇಪೆಗೆ ಚೂರು ಮಾಡೀನಿ."

ಡಾಕ್ಟರು ಪ್ಲೇಟನ್ನು ಕಾಗದದೊಳಗೆ ಸೇರಿಸಿದರು. "ತೀರ್ಥಹಳ್ಳಿ ದನದ ಆಸ್ಪತ್ರೆಗೆ ಬನ್ನಿ ಅಂತ ಕರೀತಾ ಇದಾರೆ. ಒಲ್ಲೆ ಅಂತ ಹೇಳಿ ಬರೋಣ ಅಂತಿದ್ದೆ. ಇಲ್ಲಿ ಸಂಜೆಗೆ ನಿಮ್ಮ ಹಾಡೊಂದಿತ್ತಲ್ಲ. ಅಲ್ಲಾದ್ರೆ ಚಿಕ್ಕಮ್ಮ ಇದಾರೆ, ಊಟಕ್ಕಾದ್ರೂ ಜೊತೆ." ಕಾರಿನ ಕಡೆ ತಿರುಗಿ, "ಹೇಗೂ ಕಾರು ಹೋಗ್ತಾ ಇದೆ. ಟ್ರಂಕನ್ನೂ ತಂದುಬಿಡ್ಲಾ?" ಎಂದರು.

ದಾರಿಯಲ್ಲಿ ಕಹಳೆ ಗಾಳಿಯನ್ನೆಲ್ಲ ನುಂಗಿ ಮೊರೆಯುತ್ತಿತ್ತು. ಹೊಸನಗರ ದಾಟಿದ ಮೇಲೆ ಯಜ್ಞನಾರಾಯಣ ಧೈರ್ಯ ಮಾಡಿ ಕೂಗಿದ: "ವಾರಕ್ಕೊಮ್ಮೆ ನಾನೇ ಅಲ್ಲಿಗೆ ಬರಬಹುದಾ?"

"ಏನಂದ್ರಿ?"

ನಗರ ಎಂಬ ಊರಿನ ಕೋಟೆಯ ಹತ್ತಿರ ಇನ್ನೊಮ್ಮೆ ಕೂಗಿದ. ಡಾಕ್ಟರು ಕಿವಿಗೆ ಕೈ ಅಡ್ಡ ಹಿಡಿದು, ನಕ್ಕು, ತಲೆಯಾಡಿಸಿದರು. "ಹೌದು ಹೌದು, ಉಸಿರು ಒಳ್ಳೇದಾಗಿದೆ."

ತೀರ್ಥಹಳ್ಳಿಯವರೆಗೆ ಕಾರು ಎಲ್ಲೂ ನಿಲ್ಲಲಿಲ್ಲ. ವಾಪಸು ಬರುವಾಗಲೂ ನಿಲ್ಲಲಿಲ್ಲ. ಮರುದಿನ ಕೊಡೆ ಎಡಗಡೆಯ ಸೀಟಿಗೆ ಮರಳಿತು.