ಅಪ್ಪನ ಸ್ನಾನಕ್ಕೆ ತಾಮ್ರದ ಬಾಯ್ಲರು

ಗೀಸರಿನ ಕೆಂಪು ದೀಪ ಅಣ್ಣಯ್ಯಪ್ಪನವರಿಗೆ ಯಾರದೋ ಕಣ್ಣಿನಂತೆ ಕಾಣತೊಡಗಿದ್ದೇ ಎಲ್ಲದಕ್ಕೂ ಮೂಲ.

“ಒಳ್ಗೆ ಯಾರೋ ಕುಂತವ್ನೆ. ನಾನು ಬಟ್ಟೆ ಬಿಚ್ಚಾಕಿಲ್ಲ” ಎಂದು ಅವರು ಬಚ್ಚಲುಮನೆಯ ಬಾಗಿಲಲ್ಲೇ ಹಿಂದೆ ಸರಿಯುತ್ತಿದ್ದರು. ಮರೆವಿನ ಕಾಯಿಲೆ. ಹೆಂಡತಿ ತೀರಿಕೊಂಡದ್ದೂ ನೆನಪಿಲ್ಲ, ಗೂಳೂರು ಬಿಟ್ಟು ತುಮಕೂರಿಗೆ ಮಗನ ಮನೆಗೆ ಬಂದದ್ದೂ ನೆನಪಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟರೆ, “ಬೆಂಕಿ ಇಲ್ದೆ ಕಾದ ನೀರಾ? ಮಾಟ ಕಣೋ” ಎಂದು ಒದ್ದುಬಿಡುತ್ತಿದ್ದರು.

ಬೆನ್ನ ತುಂಬ ಹುಣ್ಣೆದ್ದವು. ಸ್ನಾನ ಮಾಡಿಸದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು ಡಾಕ್ಟರು. ಹೋದ ಸಲ ಆಸ್ಪತ್ರೆಯಲ್ಲಿ ಅಪ್ಪನ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಮಗ ಗಂಗಾಧರ್ ಆಫೀಸಿಗೆ ರಜೆ ಹಾಕಿ, ಊರಿಂದ ತಂದು ಅಟ್ಟಕ್ಕೆಸೆದಿದ್ದ ತಾಮ್ರದ ಸೌದೆ ಬಾಯ್ಲರನ್ನು ಅಂಗಳಕ್ಕಿಳಿಸಿದ.

ಪಕ್ಕದ ಮನೆಯ ಸುಬ್ಬಕೃಷ್ಣರು ಕರೆಯದೆಯೇ ಹಾಜರಾದರು. ಬಾಯ್ಲರಿನೊಳಗೆ ಟಾರ್ಚು ಬಿಟ್ಟು, ಗಂಟಲು ನೋಡುವ ವೈದ್ಯರಂತೆ ತಲೆಯಾಡಿಸಿದರು. “ಬೋರ್ ನೀರಿನ ಸುಣ್ಣ ಕಟ್ಟಿದೆ ಕಣ್ರೀ. ಇದ್ ತೆಗೀದೆ ನೀರು ಕಾಯಲ್ಲ. ಹುಣಸೆಹಣ್ಣು ಕದಡಿ ಹುಯ್ರಿ.”

ಅವರ ಹೆಂಡತಿ ಕೌಸಲ್ಯಮ್ಮ ಕಾಂಪೌಂಡಿನಾಚೆಯಿಂದಲೇ ತಿದ್ದಿದರು: “ಅವ್ರ ಮಾತು ಕೇಳ್ಬೇಡಿ. ನಿಂಬೆಉಪ್ಪು ಹಾಕಿ.”

ಇಬ್ಬರಿಗೂ ಬೇಜಾರಾಗದಿರಲೆಂದು ಗಂಗಾಧರ್ ಎರಡನ್ನೂ ಹಾಕಿದ. ಸುಣ್ಣ ಹಳೇ ಗೋಡೆಯ ಗಾರೆಯಂತೆ ಚಕ್ಕೆಚಕ್ಕೆಯಾಗಿ ಉದುರಿತು. ಅದರ ಹಿಂದೆಯೇ ಬಾಯ್ಲರಿನ ತಳದಿಂದ ನೀರು ಸಣ್ಣಗೆ ಸೋರತೊಡಗಿತು. ಇಷ್ಟು ವರ್ಷ ತೂತನ್ನು ಮುಚ್ಚಿಕೊಂಡಿದ್ದದ್ದು ಆ ಸುಣ್ಣವೇ.

“ನೋಡಿದ್ರಾ, ನಿಂಬೆಉಪ್ಪು ಹಾಕ್ಬಾರ್ದಿತ್ತು” ಎಂದರು ಸುಬ್ಬಕೃಷ್ಣರು.

ಅಪ್ಪನನ್ನು ಕೌಸಲ್ಯಮ್ಮನ ವಶಕ್ಕೆ ಬಿಟ್ಟು ಗಂಗಾಧರನೂ ಅವನ ಹೆಂಡತಿ ಸಂಧ್ಯಾಳೂ ಗುಬ್ಬಿ ಗೇಟಿನ ಕಡೆ ಬೆಸುಗೆಯವನನ್ನು ಹುಡುಕಿ ಹೊರಟರು. ಸ್ಕೂಟರಿನ ಹಿಂದೆ ಸಂಧ್ಯಾ ಬಾಯ್ಲರನ್ನು ಕೂಸಿನಂತೆ ತಬ್ಬಿ ಕೂತಿದ್ದಳು. ಸಿಗ್ನಲಿನಲ್ಲಿ ಒಬ್ಬಾಕೆ, “ಯಾವ ದೇವಸ್ಥಾನದ ಕಳಸಮ್ಮಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೈಮುಗಿದಳು.

ಬೆಸುಗೆ ಹಾಕಿಸಿಕೊಂಡು ಬಂದು, ತೆಂಗಿನ ಮಟ್ಟೆ ತುಂಬಿ ಉರಿ ಹಚ್ಚಿದರೆ ಹೊಗೆ ಮೇಲಕ್ಕೇರಲಿಲ್ಲ. ಹೊಗೆ ಹೋಗುವ ಕೊಳವೆಯನ್ನು ಶುಚಿಮಾಡಲು ಎಲ್ಲರೂ ಮರೆತಿದ್ದರು. ಹೊಗೆಯೆಲ್ಲ ನೇರ ಕೌಸಲ್ಯಮ್ಮನ ಅಡುಗೆಮನೆಗೆ ನುಗ್ಗಿತು. ಮನೆಗೇ ಬೆಂಕಿ ಬಿತ್ತೆಂದು ಸುಬ್ಬಕೃಷ್ಣರು ಓಡಿಬಂದು ಒಂದು ಬಕೆಟ್ ನೀರನ್ನು ಒಲೆಗೆ ಸುರಿದುಬಿಟ್ಟರು.

ಗಂಗಾಧರ್ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಹಸಿ ಬೂದಿಯ ಪಕ್ಕದಲ್ಲೇ ಕುಸಿದು ಕೂತ. “ಸಾಕಾಯ್ತು ಕಣೇ. ಆಸ್ಪತ್ರೆಗೇ ಸೇರಿಸಿಬಿಡೋಣ.”

ಸಂಧ್ಯಾ ಒಂದು ಕೋಲಿಗೆ ಹಳೇ ಬಟ್ಟೆ ಸುತ್ತಿ ಕೊಳವೆಯೊಳಗೆ ತುರುಕತೊಡಗಿದಳು. ಅವನಿಗೆ ತನ್ನ ಮಾತಿನ ಬಗ್ಗೆ ನಾಚಿಕೆಯಾಯಿತು. ಎದ್ದು ಕೈಜೋಡಿಸಿದ.

ಹೊತ್ತು ಮುಳುಗುವಷ್ಟರಲ್ಲಿ ನೀರು ಕಾಯಿತು. ಮಟ್ಟೆಯ ಹೊಗೆಯ ವಾಸನೆಗೆ ಅಣ್ಣಯ್ಯಪ್ಪನವರು ತಾವಾಗಿಯೇ ಎದ್ದು ಬಂದರು. ಬಾಯ್ಲರಿನ ಹೊಟ್ಟೆ ಸವರಿದರು. ನಲ್ಲಿ ತಿರುಗಿಸಿ, ಬೇವಿನ ಸೊಪ್ಪು ಹಾಕಿದ್ದ ಬಕೆಟ್ಟನ್ನು ತುಂಬಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದರು. ಗಂಗಾಧರ್ ಗೀಸರಿನ ದೀಪ ಆರಿಸಿ, ಬಕೆಟ್ಟು ಹೊತ್ತು ಅಪ್ಪನನ್ನು ಬಚ್ಚಲುಮನೆಗೆ ಕರೆದೊಯ್ದ. ಸಂಧ್ಯಾ ಟವೆಲು ಕೊಟ್ಟು, ಖುಷಿಯಿಂದ ಬಾಗಿಲು ಮುಂದೆ ಮಾಡಿ ಹೊರಗೆ ನಿಂತಳು.

ಅಪ್ಪ ತಿರುಗಿ ಮಗನ ಮಸಿ ಮುಖವನ್ನೇ ನೋಡಿದರು.

“ಏನ್ಲಾ ಗಂಗಾ, ಬೂದೀಲಿ ಆಡ್ಬ್ಯಾಡ ಅಂತ ಎಷ್ಟು ಸಲ ಹೇಳ್ಲಿ? ಬಾ, ಕುಂತ್ಕೊ. ಇಸ್ಕೂಲಿಗೆ ಹೊತ್ತಾಯ್ತು.”

ಎಷ್ಟೋ ತಿಂಗಳಿಂದ ಆ ಬಾಯಲ್ಲಿ ತನ್ನ ಹೆಸರು ಬಂದಿರಲಿಲ್ಲ. “ಅಪ್ಪಾ, ನೀರು ನಿಂಗೆ ಕಣಪ್ಪ” ಎನ್ನಲು ಹೊರಟ ಗಂಗಾಧರ್, ಅದರ ಬದಲು ಅಂಗಿ ಬಿಚ್ಚಿ ಬಚ್ಚಲ ಕಲ್ಲಿನ ಮೇಲೆ ಕೂತ.

ಅಪ್ಪನ ಕೈ ಅವನ ತಲೆಗೆ ಸೋಪು ಹಚ್ಚಿತು, ಕಿವಿಯ ಹಿಂದೆ ಉಜ್ಜಿತು, ಬೋಳಾಗುತ್ತಿದ್ದ ನೆತ್ತಿಯ ಮೇಲೆ ತಂಬಿಗೆಯ ಮೇಲೆ ತಂಬಿಗೆ ಸುರಿಯಿತು. “ಅಳ್ಬ್ಯಾಡ ಸುಮ್ಕಿರು, ಸೋಪು ಕಣ್ಗೋಗೈತೆ ಅಷ್ಟೆ” ಎಂದರು ಅಪ್ಪ.

ಬಕೆಟ್ಟೂ ಬಾಯ್ಲರೂ ಬರಿದಾದವು. “ಈಗ ನೀನು ಕೂರಪ್ಪ, ಇನ್ನೊಂದ್ಸಲ ಕಾಯಿಸ್ತೀನಿ” ಎಂದ ಗಂಗಾಧರ್, ಮೆಲ್ಲಗೆ.

ಅಷ್ಟರಲ್ಲಿ ಅಪ್ಪನ ಕಣ್ಣು ಮತ್ತೆ ಎಲ್ಲಿಗೋ ಹೋಗಿತ್ತು. “ಯಾರಪ್ಪ ನೀನು? ನಂದು ಬೆಳಿಗ್ಗೇನೆ ಆಯ್ತು ಬುಡು” ಎಂದು ಟವೆಲನ್ನು ಅವನ ಹೆಗಲಿಗೆ ಹಾಕಿ ಗೋಡೆಗೊರಗಿದರು.

ಬಾಗಿಲಾಚೆ ನೆರೆಯವರಿಬ್ಬರೂ ಬಂದು ನಿಂತಿದ್ದರು. ಸಂಧ್ಯಾ ಕೇಳಿದಳು, “ಸ್ನಾನ ಆಯ್ತೇನ್ರೀ?”

ಗಂಗಾಧರ್ ಮುಖ ಒರೆಸಿಕೊಂಡ.

“ಆಯ್ತು ಕಣೇ,” ಎಂದ, “ನಂದು.”