ಡ್ವೇನ್‌ನ ಎಂಟು ಕೋವಿಗಳು

ಲೊವೆಲ್ ಹಾಗನ್‌ನ ಹಣೆಬರಹ ಕೆಟ್ಟಿದ್ದು ‘ಆಯ್ತು ಬಿಡು’ ಎಂಬ ಎರಡು ಮಾತಿನಿಂದ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ಈ ಮನುಷ್ಯ ಯಾರಿಗೂ ‘ಆಗಲ್ಲ’ ಅಂದವನಲ್ಲ. ಹಾಗೆ ನೋಡಿದರೆ ಉತ್ತರ ಮಿನೆಸೋಟದ ಆ ಊರಿನಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದಿಲ್ಲ. ಆದರೆ ಉಳಿದವರು ಆಯ್ತು ಅಂದು ಆಮೇಲೆ ಮರೆತುಬಿಡುತ್ತಾರೆ. ಇವನಿಗೆ ಆ ಜಾಣತನವೂ ಇರಲಿಲ್ಲ.

ಅವತ್ತು ಶುಕ್ರವಾರ. ಮಾರನೆಯ ದಿನದಿಂದ ಜಿಂಕೆ ಬೇಟೆ ಶುರು, ಹಾಗಾಗಿ ಶಾಲೆಗೆ ರಜೆ. ಲೊವೆಲ್ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಾಗ ತಮ್ಮ ಡ್ವೇನ್ ಒಳಗೆ ನುಗ್ಗಿ, ಅಡುಗೆಮನೆಯ ಮೇಜಿನ ಮೇಲೆ ಎಂಟು ಕೋವಿಗಳನ್ನು ಸೌದೆ ಹೊರೆಯಂತೆ ದಡಾರನೆ ಹಾಕಿದ.

“ಅಣ್ಣಾ, ಈ ಕಾಗದಕ್ಕೊಂದು ಸೈನ್ ಹಾಕ್ಬಿಡು. ಜಡ್ಜಮ್ಮ ಆರ್ಡರ್ ಕೊಟ್ಟಿದಾಳೆ. ಜಾನೆಲ್ ಹತ್ರ ಸುಳಿಯೋ ಹಾಗಿಲ್ಲ, ಕೋವಿ ಮುಟ್ಟೋ ಹಾಗೂ ಇಲ್ಲ. ಇವತ್ತು ಸಂಜೆ ಐದರೊಳಗೆ ಎಲ್ಲಾನೂ ಯಾರಿಗಾದ್ರೂ ಒಪ್ಪಿಸ್ಬೇಕಂತೆ. ನಿನ್ನ ಹೆಸರು ಬರೆದೆ.”

“ನನ್ನ ಹೆಸರಾ? ನನ್ನನ್ನ ಕೇಳ್ದೇನೇ?”

“ಕೇಳಿದ್ರೆ ಆಯ್ತು ಅಂತಿದ್ದೆ ತಾನೆ?” ಅಂದವನು ದನಿ ತಗ್ಗಿಸಿದ. “ನಾಳೆ ಬೆಳಿಗ್ಗೆ ಬೇಟೆಗೆ ಹೊರಡ್ತೀನಿ. ಅಪ್ಪನ ಕೋವಿ ಒಂದು ಕೊಟ್ಬಿಡು ಸಾಕು. ಜಡ್ಜಮ್ಮನ ಆರ್ಡರು ಜಿಂಕೆಗೇನು ಗೊತ್ತಾಗುತ್ತೆ?”

ಎರಡು ವಾರದ ಹಿಂದೆ ಡ್ವೇನ್‌ನ ಹೆಂಡತಿ ಜಾನೆಲ್ ಇದೇ ಮೇಜಿನ ಮುಂದೆ ಒಡೆದ ತುಟಿಯಲ್ಲಿ ಕೂತಿದ್ದಳು. ಎರಡೂ ಕೈಯಲ್ಲಿ ಹಿಡಿದಿದ್ದರೂ ಅವಳ ಬಟ್ಟಲಿನ ಕಾಫಿ ತುಳುಕುತ್ತಿತ್ತು. ‘ಕೊಡಲ್ಲ’ ಎಂಬ ಮಾತು ಲೊವೆಲ್‌ನ ಗಂಟಲವರೆಗೆ ಬಂತು.

“ಆಯ್ತು ಬಿಡು,” ಅಂದ.

ಡ್ವೇನ್ ಅತ್ತ ಹೋಗುತ್ತಲೂ ಒಲೆಯ ಮುಂದಿದ್ದ ಲೊವೆಲ್‌ನ ಹೆಂಡತಿ ವರ್ನಾ ಪಾತ್ರೆಯ ಮುಚ್ಚಳ ಕುಕ್ಕಿದಳು. “ನಾಳೆ ಅವನು ಬಂದು ಕೇಳಿದ್ರೆ ಏನ್ಮಾಡ್ತೀಯ?”

“ಕೊಡಲ್ಲ ಅಂತೀನಿ.”

“ಯಾರು, ನೀನಾ?”

ಅವನಿಗೇ ನಂಬಿಕೆ ಇರಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ. ನಾಳೆ ಬೆಳಗಾಗುವಾಗ ಮನೆಯಲ್ಲಿ ಕೊಡಲು ಕೋವಿಯೇ ಇರಬಾರದು. ಷೆರಿಫ್ ಕಚೇರಿಯ ಪೊಲೀಸರು ಇಟ್ಟುಕೊಳ್ಳುತ್ತಾರೆ, ಅಲ್ಲಿಗೇ ಸಾಗಿಸಬೇಕು.

ಕೋವಿಗಳನ್ನು ಸುತ್ತಲು ಕಂಬಳಿ ಹುಡುಕುವಷ್ಟರಲ್ಲಿ ಪಕ್ಕದ ಮನೆಯ ಆರ್ವಿಡ್ ಹಿತ್ತಿಲ ಬಾಗಿಲಿಂದ ಒಳಗಿದ್ದ. ಸಂತೆಯಲ್ಲಿ ಬದನೆಕಾಯಿ ಆರಿಸುವವನಂತೆ ಒಂದೊಂದೇ ಕೋವಿ ಎತ್ತಿ ನೋಡುತ್ತಿದ್ದ. “ನಮ್ಮಳಿಯ ಬರಿಗೈಲಿ ಬೇಟೆಗೆ ಬಂದವ್ನೆ ಮಾರಾಯ. ಇವು ಹೇಗೂ ಸುಮ್ನೆ ಬಿದ್ದಿರ್ತವೆ. ಒಂದು ಒಯ್ಯಲಾ?”

ಕಂಬಳಿ ಹುಡುಕುತ್ತ ಮೆಟ್ಟಿಲ ಮೇಲಿದ್ದ ಲೊವೆಲ್, ಅವನೇನು ಕೇಳಿದ ಅಂತಲೂ ಯೋಚಿಸದೆ ರೂಢಿಯ ಮಾತನ್ನು ಆಡಿಬಿಟ್ಟ.

ಆರ್ವಿಡ್‌ನ ಹಿಂದೆಯೇ ಚರ್ಚಿನ ಆರ್ಡಿಸ್, ಆಲೂಗಡ್ಡೆ ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಪಾತ್ರೆ ಹಿಡಿದು ಬಂದಳು. ಆ ಊರಿನಲ್ಲಿ ಸಾವೋ ನೋವೋ, ಯಾರಿಗೆ ಏನೇ ಆದರೂ ಮೊದಲು ಬರುವುದು ಅದು. “ಯಾರು ಹೋದ್ರು ಲೊವೆಲ್?”

“ಯಾರೂ ಹೋಗಿಲ್ಲಮ್ಮ.”

“ಅಯ್ಯೋ, ಇರ್ಲಿ ತಗೋ, ಬೇಯ್ಸಿಯಾಗಿದೆ. ಕೋವಿ ವಿಷ್ಯ ಕೇಳ್ದೆ. ಫ್ರೀಜರಲ್ಲಿ ಮಾಂಸದ ಅಡೀಲಿ ಇಟ್ಬಿಡು, ಯಾರೂ ನೋಡಲ್ಲ.”

ಅವಳಿಂದ ಬಿಡಿಸಿಕೊಂಡು ಹೊರಡುವಾಗ ಮೂರೂವರೆ. ಕಾರಿನ ಹಿಂದೆ ಕಂಬಳಿಯೊಳಗೆ ಕೋವಿಗಳು ದಾರಿಯುದ್ದಕ್ಕೂ ಕಟಕಟ ಅನ್ನುತ್ತಿದ್ದವು.

ಷೆರಿಫ್ ಕಚೇರಿಯ ಡೆಪ್ಯುಟಿ ಸೋಲ್ವೆಗ್, ಒಂದು ಕಾಲಕ್ಕೆ ಇವನ ಬಸ್ಸಿನಲ್ಲೇ ಶಾಲೆಗೆ ಹೋದವಳು. ಎಣಿಸಿದಳು, ಮತ್ತೆ ಎಣಿಸಿದಳು. “ಲೊವೆಲ್ ಅಂಕಲ್, ಪಟ್ಟೀಲಿ ಎಂಟಿದೆ. ಇಲ್ಲಿ ಏಳೇ ಇದೆ.”

ಇಲ್ಲದ್ದು ಅಪ್ಪನ ಕೋವಿ. ಡ್ವೇನ್ ಕದ್ದು ಒಯ್ದನೇ? ಲೊವೆಲ್ ವರ್ನಾಗೆ ಫೋನ್ ಮಾಡಿದ. “ಜಾನೆಲ್‌ಗೆ ಹೇಳು, ಬಾಗಿಲು ಹಾಕ್ಕೊಂಡಿರ್ಲಿ! ಅಪ್ಪನ ಕೋವಿ ಕಾಣ್ತಿಲ್ಲ!”

“ಆರ್ವಿಡ್ ಹೆಗಲ ಮೇಲೆ ಹಾಕ್ಕೊಂಡು ಹೋದ್ನಲ್ಲ! ನೀನೇ ಆಯ್ತು ಬಿಡು ಅಂದ್ಯಂತೆ!”

ಕಾರು ಹಾರಿತು. ಆರ್ವಿಡ್‌ನ ಅಂಗಳದಲ್ಲಿ ಅಳಿಯರಾಯ ಕಿತ್ತಳೆ ಬಣ್ಣದ ಕೋಟು ತೊಟ್ಟು, ಕೋವಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದ.

“ಕೊಡು,” ಅಂದ ಲೊವೆಲ್.

“ನೀನೇ ಒಪ್ಪಿದ್ಯಲ್ಲೋ!” ಅಂದ ಆರ್ವಿಡ್.

“ಒಪ್ಪಿದ್ದೆ. ಈಗ ಆಗಲ್ಲ.”

ಅಂದವನೇ ಅಳಿಯನ ಕೈಯಿಂದ ಕೋವಿ ಕಿತ್ತುಕೊಂಡ. ಅವನ ಐವತ್ತೆಂಟು ವರ್ಷದ ಬಾಳಿನಲ್ಲಿ ಮೊದಲ ಬಾರಿಗೆ ಆ ಮಾತು ಹೊರಬಿದ್ದಿತ್ತು, ಆಕಾಶವೇನೂ ಕಳಚಿ ಬೀಳಲಿಲ್ಲ.

ಐದಕ್ಕೆ ಎಂಟು ನಿಮಿಷ ಇರುವಾಗ ಎಂಟನೆಯ ಕೋವಿ ಸೋಲ್ವೆಗ್‌ಳ ಮೇಜು ಸೇರಿತು. ರಸೀದಿ ಕೈಗೆ ಬಂದಾಗ ಲೊವೆಲ್‌ಗೆ ಅಳುವೇ ಬಂದಂತಾಯಿತು.

“ತಂದಿದ್ದು ಒಳ್ಳೇದಾಯ್ತು ಅಂಕಲ್. ನಿಮ್ಮನೇಲಿ ಹೇಗೂ ಇಡೋಕಾಗ್ತಿರ್ಲಿಲ್ಲ.”

“ಯಾಕಮ್ಮ?”

“ಡ್ವೇನ್ ವಾಸ ಇರೋ ಮನೇಲಿ ಕೋವಿ ಇಡೋ ಹಾಗಿಲ್ವಲ್ಲ.” ಅವಳು ಡ್ವೇನ್ ತುಂಬಿದ ಕಾಗದವನ್ನು ಇತ್ತ ತಿರುಗಿಸಿದಳು. ಹೆಂಡತಿಯ ಮನೆಯಿಂದ ಹೊರಬಿದ್ದವನ ಹೊಸ ವಿಳಾಸ ಅಲ್ಲಿತ್ತು. ಲೊವೆಲ್‌ನ ಮನೆ! “ನಿಮ್ಮನ್ನ ಕೇಳಿರ್ಲಿಲ್ವಾ?”

“ಕೇಳಿದ್ರೆ ಆಯ್ತು ಅಂತಿದ್ದೆ,” ಅಂದ ಲೊವೆಲ್, ಸಣ್ಣಗೆ.

ಮನೆಗೆ ಬಂದಾಗ ಬಾಗಿಲಲ್ಲಿ ಡ್ವೇನ್‌ನ ಬೂಟುಗಳಿದ್ದವು. ಅವುಗಳ ಪಕ್ಕ ಕೋಟು ತೊಟ್ಟ ವರ್ನಾ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಗೋಡೆಯ ಮೇಲಿರುತ್ತಿದ್ದ ಅವಳಜ್ಜನ ಕೋವಿ.

“ಅವನಿರೋ ಕಡೆ ಇದು ಇರಬಾರ್ದಂತೆ. ಇದು ಎಲ್ಲಿರುತ್ತೋ ನಾನಲ್ಲಿ. ಜಾನೆಲ್ ಜೊತೆ ಇರ್ತೀನಿ, ಅವಳಿಗೂ ಧೈರ್ಯ.”

“ಎಷ್ಟು ದಿನ?”

“ಆರ್ಡರು ಎರಡು ವರ್ಷಕ್ಕಂತೆ. ಅಷ್ಟರೊಳಗೆ ನೀನು ಅವನಿಗೆ ಆಗಲ್ಲ ಅಂತ ಒಂದು ಮಾತು ಹೇಳು, ಅವತ್ತೇ ಬರ್ತೀನಿ.”

ವರ್ನಾ ಹತ್ತಿದ ಕಾರು ತಿರುವು ದಾಟಿತು. ಒಳಗಿನಿಂದ ಡ್ವೇನ್‌ನ ದನಿ ಬಂತು. “ಅಣ್ಣಾ, ಹಾಟ್‌ಡಿಶ್ ನಾನೇ ಮುಗಿಸ್ದೆ. ಮತ್ತೆ ನಂಗೆ ಸೋಫಾದ ಮೇಲೆಲ್ಲ ಮಲ್ಗೋಕೆ ಆಗಲ್ಲ, ನಿನ್ನ ಮಂಚ ಹಿಡ್ಕೊಂಡೆ.”

‘ಆಗಲ್ಲ’ ಅಂತ ಎಷ್ಟು ಸಲೀಸಾಗಿ ಅಂದುಬಿಟ್ಟ, ಬಡ್ಡೀಮಗ! ಲೊವೆಲ್ ಹೊಸಿಲ ಮೇಲೆ ನಿಂತು, ಆರ್ವಿಡ್‌ನ ಅಂಗಳದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು, ಎದೆ ತುಂಬ ಉಸಿರೆಳೆದು ಬಾಯಿ ತೆರೆದ.

“ಆಯ್ತು ಬಿಡು,” ಅಂದ.