ಒಂದು ಸಾಸಿವೆ ಕಾಳಿನ ವಿಚಾರ

ಕರಿಹಲಗೆಯ ಮೇಲೆ ಬರೆದ ವಿದ್ಯೆ ಮನೆಯವರೆಗೆ ಬರುವುದಿಲ್ಲ. ಕಾಲೇಜು ಬಿಡುವ ಮುಂಚೆ ಕೈಗಂಟಿದ ಸೀಮೆಸುಣ್ಣ ತೊಳೆಯುತ್ತೇವಲ್ಲ, ಅದರ ಜೊತೆಗೇ ಹೋಗುತ್ತದೋ ಏನೋ. ಭೌತಶಾಸ್ತ್ರದ ನನ್ನ ಸಹೋದ್ಯೋಗಿಯೊಬ್ಬರು ಮನೆಯಲ್ಲಿ ಫ್ಯೂಸು ಹೋದರೆ ಪಕ್ಕದ ಮನೆಯ ದರ್ಜಿಯನ್ನು ಕರೆಯುತ್ತಿದ್ದರು. ನಾನು ಸರಸ್ವತಿಪುರಂನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದವನು. ಮಗು ಹೆಣ್ಣೋ ಗಂಡೋ ಎಂಬುದು ಹೇಗೆ ತೀರ್ಮಾನವಾಗುತ್ತದೆ ಎನ್ನುವ ಪಾಠವನ್ನು ತೊಂಬತ್ತರ ದಶಕದುದ್ದಕ್ಕೂ ಪ್ರತಿವರ್ಷ ಒಂದೇ ಧಾಟಿಯಲ್ಲಿ ಮಾಡಿದ್ದೇನೆ. ಹೆಂಗಸಿನಲ್ಲಿ ಎರಡು ಎಕ್ಸ್ ಕ್ರೋಮೋಸೋಮು, ಗಂಡಸಿನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. “ಆದ್ದರಿಂದ ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವುದು ಅಜ್ಞಾನ” ಎಂದು ಮುಗಿಸಿ ಡಸ್ಟರ್ ಕೆಳಗಿಡುತ್ತಿದ್ದೆ. ಹಿಂದಿನ ಬೆಂಚಿನವರು ಕೂಡ ಆ ವಾಕ್ಯವನ್ನು ಬರೆದುಕೊಳ್ಳುತ್ತಿದ್ದರು.

ಅದೇ ಅಜ್ಞಾನ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ದಿನಾ ತಟ್ಟೆ ಹಾಕಿ ಬಡಿಸುತ್ತಿತ್ತು, ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ನಮಗೆ ಇಬ್ಬರು ಹೆಣ್ಣುಮಕ್ಕಳು. ಎರಡು ಸಲವೂ ಹೆಂಡತಿ ಸುಮಿತ್ರಳಿಗೆ ಹೊಟ್ಟೆ ಕುಯ್ದೇ ಹೆರಿಗೆ ಮಾಡಿದ್ದರು. ಎರಡನೆಯ ಸಲ ರಕ್ತ ಹೋಗಿ ಜೀವ ಉಳಿದದ್ದೇ ಹೆಚ್ಚು. ಮೂರನೆಯದರ ಯೋಚನೆ ಬೇಡ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು. ಆದರೆ ನಮ್ಮವ್ವನಿಗೆ ಮೊಮ್ಮಗ ಬೇಕಿತ್ತು. ಚಿಕ್ಕ ಮಗುವಿಗೆ ವರ್ಷ ತುಂಬುತ್ತಿದ್ದಂತೆ ಸುಮಿತ್ರಳಿಗೆ ಸೋಮವಾರದ ಉಪವಾಸ ಶುರುವಾಯಿತು. ಗ್ರಂಥಿಗೆ ಅಂಗಡಿಯಿಂದ ಯಾವುದೋ ಬೇರಿನ ಪುಡಿ ಬಂತು. ಅದನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹಾಲಿಗೆ ಕದಡಿ ಕುಡಿಯಬೇಕು. “ಅವಳ ತಾಯಿಗೂ ಮೂರು ಹೆಣ್ಣು. ಆ ಮನೆ ಹೊಟ್ಟೆನೇ ಅಂಗೆ” ಎಂದು ಅವ್ವ ಬಂದವರ ಮುಂದೆಲ್ಲ ಹೇಳುವರು. ಸುಮಿತ್ರ ಮೂಗು ಹಿಡಿದು ಕುಡಿಯುವಳು. ನಾನು ಪೇಪರು ಓದುವೆನು.

ಮುಂದಿನದನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಒಂದು ಭಾನುವಾರ ಸಹನೆ ಮೀರಿ ಎದ್ದುನಿಂತು ಅವ್ವನಿಗೆ ವಿಜ್ಞಾನ ಬೋಧಿಸಿದೆ ಎಂದೇ ಹೇಳುತ್ತ ಬಂದಿದ್ದೇನೆ. ಇತ್ತೀಚೆಗೆ ಅನುಮಾನ ಬಂದು ಆಗಿನ ಡೈರಿ ತೆಗೆದು ನೋಡಿದೆ. ಆ ಪುಟದಲ್ಲಿ “ಅವರೆಕಾಯಿಗೆ ಸೊಗಡು ಚೆನ್ನಾಗಿತ್ತು” ಎಂದಷ್ಟೇ ಇದೆ. ಸುಮಿತ್ರಳನ್ನು ಕೇಳಿದರೆ, “ನೀವೆಲ್ಲಿ ಎದ್ರಿ? ನಾನು ಪೇಪರ್ ಕಿತ್ಕೊಂಡೆ ಕಣ್ರೀ. ಕಾಲೇಜಲ್ಲಿ ಅಷ್ಟು ಜನಕ್ಕೆ ಹೇಳೋರಿಗೆ ಮನೇಲಿ ಒಬ್ಬರಿಗೆ ಹೇಳೋಕೆ ಬಾಯಿಲ್ವಾ ಅಂದೆ” ಅಂದಳು. ಅವಳು ಹೇಳುವುದೇ ನಿಜವಿರಬೇಕು. ನನ್ನ ನೆನಪಿಗೆ ನನ್ನ ಮೇಲೆ ಸ್ವಲ್ಪ ಪಕ್ಷಪಾತ.

ಅವ್ವ ಹಿಂದಿನ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮೊರದಿಂದ ಎರಡು ಕಾಳು ತೆಗೆದು ಒಂದು ಕಡೆ ಇಟ್ಟೆ. ಅದು ಸುಮಿತ್ರ. ಇನ್ನೊಂದು ಕಡೆ ನನ್ನ ಲೆಕ್ಕಕ್ಕೆ ಒಂದೇ ಅವರೆ ಇಟ್ಟು, ವೈ ಬಹಳ ಚಿಕ್ಕದಾದ್ದರಿಂದ ಒಗ್ಗರಣೆ ಡಬ್ಬಿಯಿಂದ ಒಂದು ಸಾಸಿವೆ ತಂದು ಅದರ ಪಕ್ಕಕ್ಕಿಟ್ಟೆ. “ಇಬ್ಬರೂ ಒಂದೊಂದು ಕಾಳು ಕೊಡಬೇಕು ಅವ್ವ. ಎರಡೂ ಅವರೆಯಾದರೆ ಹೆಣ್ಣು. ಅವರೆ ಜೊತೆ ಸಾಸಿವೆ ಸೇರಿದರೆ ಗಂಡು.”

ಅವ್ವ ಸ್ವಲ್ಪ ಹೊತ್ತು ಮೊರ ನೋಡಿದರು. “ಇವಳ ಕಡೆ ಸಾಸಿವೆನೇ ಇಲ್ಲ.”

“ಇಲ್ಲ. ಯಾವ ಹೆಂಗಸಿನ ಹತ್ತಿರವೂ ಇರಲ್ಲ.”

“ಅಂದ್ರೆ ಎರಡು ಸಲಾನೂ ಅವರೆ ಕೊಟ್ಟೋನು ನೀನು.”

ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಇಷ್ಟು ಬೇಗ ಅಲ್ಲಿಗೆ ಬಂದವರಲ್ಲ. ಇದು ಯಾರ ಕೈಯಲ್ಲೂ ಇಲ್ಲ, ಪ್ರತಿ ಸಲವೂ ನಾಣ್ಯ ಚಿಮ್ಮಿದ ಹಾಗೆ ಎಂದು ವಿವರಿಸಲು ಹೋದೆ. ಅವ್ವ ಕೇಳುತ್ತಿರಲಿಲ್ಲ. ಸಾಸಿವೆಯನ್ನು ಬೆರಳ ತುದಿಗೆ ಅಂಟಿಸಿಕೊಂಡು ಬಿಸಿಲಿಗೆ ಹಿಡಿದಿದ್ದರು. ನನಗಿಂತ ಮುಂಚೆ ಅವರಿಗೆ ನಾಲ್ಕು ಹೆಣ್ಣು.

“ಇದುಕ್ಕಾ ನಾನು ಒಂಬತ್ತು ವರ್ಷ ಒಪ್ಪೊತ್ತು ಮಾಡಿದ್ದು? ನಿಮ್ಮಜ್ಜಿ ನನ್ನ ತೌರಿಗೆ ಅಟ್ಟಿ, ಬೇರೆ ಹೆಣ್ಣು ನೋಡಕ್ಕೆ ಓಗಿದ್ರು. ನಿಮ್ಮಪ್ಪ ಜಗಲಿ ಮೇಲೆ ಕೂತು ಎಲೆಅಡಿಕೆ ಆಕೊತಿದ್ರು. ಇದೆಲ್ಲ ಆಗ್ಲೇ ಗೊತ್ತಿತ್ತಾ?”

“ಪುಸ್ತಕದಲ್ಲಿತ್ತು ಅವ್ವ.”

“ಪುಸ್ತಕದಲ್ಲೇ ಇತ್ತಾ” ಎಂದರು. ಸಾಸಿವೆಯನ್ನು ಎಸೆಯದೆ ಎದ್ದುಹೋಗಿ ಡಬ್ಬಿಗೇ ಹಾಕಿ ಬಂದರು.

ಅಂದು ರಾತ್ರಿಯ ಸಾರು ತುಂಬ ಚೆನ್ನಾಗಿತ್ತು, ಡೈರಿ ಅದರಲ್ಲಿ ಸುಳ್ಳು ಹೇಳಿಲ್ಲ. ಗೆದ್ದೆ ಎಂದುಕೊಂಡೇ ಮಲಗಿದೆ. ಬೆಳಿಗ್ಗೆ ನೋಡಿದರೆ ಬೇರಿನ ಪುಡಿ ಕದಡಿದ ಹಾಲಿನ ಲೋಟ ನನ್ನ ಮುಂದಿತ್ತು. “ಕೊರತೆ ಎಲ್ಲೈತೋ ಮದ್ದು ಅಲ್ಲಿಗೇ” ಎಂದರು ಅವ್ವ. ಸೋಮವಾರದ ಉಪವಾಸವೂ ನನಗೆ ವರ್ಗವಾಯಿತು. ಮದ್ದಿಗೂ ವೈಗೂ ಸಂಬಂಧವಿಲ್ಲ ಎಂದು ಅರ್ಧ ಗಂಟೆ ವಾದಿಸಿದೆ. ಸುಮಿತ್ರ ದೋಸೆ ತಿನ್ನುತ್ತ, “ಕುಡೀರಿ, ಬಿಸಿ ಆರಿದ್ರೆ ಇನ್ನೂ ಕಹಿ” ಎಂದಳು. ನಗುತ್ತಿದ್ದಳು, ಆದರೆ ಆಮೇಲೆ ಒಳಗೆ ಬಂದು ಮೆಲ್ಲಗೆ, “ಮದ್ದು ಯಾರು ಕುಡಿದ್ರೂ ಹೆರೋಳು ನಾನು. ಇನ್ನೊಂದ್ಸಲ ನಾನು ಟೇಬಲ್ ಮೇಲೆ ಮಲಗಲ್ಲ. ಇದನ್ನ ನೀವು ನಿಲ್ಲಿಸ್ತೀರೋ, ನಾನು ನಿಲ್ಲಿಸ್ಲೋ?” ಎಂದಳು.

ನಾನು ಸಮಯ ನೋಡಿ ಹೇಳೋಣ ಎಂದೆ. ಸಮಯ ನೋಡುವುದರಲ್ಲಿ ನಾನು ನಮ್ಮಪ್ಪನ ಮಗನೇ. ಮೂರು ಸೋಮವಾರ ಕಳೆದವು. ನಾಲ್ಕನೆಯದರಂದು ಸುಮಿತ್ರ ನೇರವಾಗಿ ಅವ್ವನ ಮುಂದೆ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದುಬಿಟ್ಟಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ಅವ್ವ ಸುಮಿತ್ರಳ ಹತ್ತಿರಕ್ಕೆ ಸರಿದು ಕೂತರು. “ನೀ ಯಾಕೆ ಮಾಡಿಸ್ಕೊತೀಯವ್ವ? ನಿನ್ನ ಎರಡು ಸಲ ಕುಯ್ದವ್ರೆ, ಸಾಕು ಬುಡು. ಅವನಿಗೂ ಮಾಡ್ತಾರಲ್ವಾ? ಕಾಳು ಕೊಡೋನು ಅವನೇ ಅಂತ ಅವನೇ ಏಳವ್ನೆ” ಎಂದರು.

ಹೀಗೆ ನನ್ನ ಪಾಠ ನನಗೇ ಆಸ್ಪತ್ರೆಯ ದಾರಿ ತೋರಿಸಿತು. ಗಂಡಸರ ಆಪರೇಷನ್ ಸುಲಭ, ಹತ್ತು ಹದಿನೈದು ನಿಮಿಷದ್ದು, ಶಕ್ತಿಗೂ ಗಂಡಸುತನಕ್ಕೂ ಏನೂ ಆಗುವುದಿಲ್ಲ ಎಂದು ನಾನೇ ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದವನು. ಡಾಕ್ಟರ ಎದುರು ಕೂತಾಗ ಮಾತ್ರ, ಆಮೇಲೆ ಸುಸ್ತಾಗುತ್ತದೆಯೇ, ಸೈಕಲ್ ತುಳಿಯಬಹುದೇ, ದನಿ ಏನಾದರೂ ಸಣ್ಣಗಾಗುತ್ತದೆಯೇ ಎಂದು ಒಂದಾದ ಮೇಲೊಂದು ಕೇಳಿದೆ. ಅವರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟು, ಫಾರಂ ತುಂಬಿಸುತ್ತ ಉದ್ಯೋಗ ಏನೆಂದರು. ಲೆಕ್ಚರರ್ ಎಂದೆ.

“ಯಾವ ಸಬ್ಜೆಕ್ಟು ಸಾರ್?”

ಹೊರಗೆ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತಿದ್ದರು. ಅವರಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ, “ಇತಿಹಾಸ” ಎಂದೆ.